ಪಟಕ್ಕೆ ಸೀರೆ ಉಡಿಸಿದ ಕೈಗಳು

ಹಳೇಬೀಡಿಗೆ ಬಂದ ಪ್ರವಾಸಿಗರಲ್ಲಿ ಬಹುಮಂದಿ ಹೊಯ್ಸಳೇಶ್ವರನ ಗುಡಿಯನ್ನು ಕಂಡು ಹಿಂದಿರುಗುತ್ತಾರೆ. ಸಮೀಪದ ಹುಲಿಕೆರೆಯ ಕಲ್ಯಾಣಿಯವರೆಗೆ ಹೋಗುವವರು ವಿರಳ. ಹೊಯ್ಸಳರ ಕಾಲದ ಆ ಕೊಳದ ದಂಡೆಯಲ್ಲಿ ನಿಂತು ನೋಡಿದರೆ, ಮೆಟ್ಟಿಲ ಸಾಲಿನ ಕೆಳಗೆ ಮೆಟ್ಟಿಲ ಸಾಲು, ನಡುನಡುವೆ ಪುಟ್ಟ ಪುಟ್ಟ ಶಿಖರದ ಗುಡಿಗಳು ನೀರನ್ನು ಬಳಸಿ ನಿಂತಿರುವುದು ಕಾಣುತ್ತದೆ. ಸೀರೆಯ ಮರ್ಮವನ್ನರಿತ ಗೃಹಿಣಿಗೆ ಅದನ್ನು ಕಂಡೊಡನೆ ಗೋಪುರದಂಚಿನ ರೇಷ್ಮೆ ಸೀರೆ ನೆನಪಾದರೆ ಆಶ್ಚರ್ಯವಿಲ್ಲ. ಒಂದೇ ಆಕೃತಿ, ಒಂದೇ ಅಂತರ, ಮತ್ತೆ ಮತ್ತೆ; ಅಂಚಿನ ಸೊಗಸೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಅಲ್ಲಿಂದ ಬೇಲೂರಿಗೆ ಬಂದರೆ ಉಡುಗೆತೊಡುಗೆಗಳ ಸಚಿತ್ರ ಸಂಪುಟವೇ ಕಲ್ಲಿನಲ್ಲಿ ತೆರೆದಿದೆ. 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದಲ್ಲಿ, ಹೊರಗೆ 38, ಒಳಗೆ 4, ಹೀಗೆ 42 ಮದನಿಕೆಯರು. ಕನ್ನಡಿ ಹಿಡಿದ ದರ್ಪಣಸುಂದರಿ, ಗಿಣಿಯೊಡನೆ ಮಾತನಾಡುವ ಶುಕಭಾಷಿಣಿ, ಕೋತಿಯು ಸೆರಗೆಳೆಯುತ್ತಿರುವ ತರುಣಿ. ಒಬ್ಬೊಬ್ಬಳ ಮುಡಿ, ಹಾರ, ಡಾಬು, ಕಾಲ್ಗಡಗಗಳೂ ಬಳಪದ ಕಲ್ಲಿನಲ್ಲಿ ಎಣಿಸಬಹುದಾದಷ್ಟು ಸ್ಪಷ್ಟ.

ಉಡುಗೆಯನ್ನು ಕಲ್ಲಿನಲ್ಲಿ ಹೀಗೆ ಬಿಡಿಸಿದ ನಾಡಿನಲ್ಲಿಯೇ, ಅನೇಕ ಶತಮಾನಗಳ ತರುವಾಯ, ಕಾಗದದ ಚಿತ್ರಕ್ಕೆ ಬಟ್ಟೆಯನ್ನೇ ಉಡಿಸುವ ಮತ್ತೊಂದು ಕಲೆ ಮನೆಯ ಪಡಸಾಲೆಗಳಲ್ಲಿ ಬೆಳೆಯಿತು.

ಅಚ್ಚಿನ ದೇವಿ, ಜರತಾರಿ ಸೀರೆ

1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಶಿಲಾಮುದ್ರಣಾಲಯವೊಂದನ್ನು ಸ್ಥಾಪಿಸಿದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಅದೇ ಹಾಳೆಯನ್ನು ಕಲ್ಲಿನಿಂದ ಕಲ್ಲಿಗೆ ಒತ್ತಿ ಚಿತ್ರವನ್ನು ಪೂರ್ಣಗೊಳಿಸುತ್ತಿದ್ದರು. ಅರಮನೆಗಳ ಗೋಡೆಯಲ್ಲಿದ್ದ ಲಕ್ಷ್ಮಿ, ಸರಸ್ವತಿಯರು ಹೀಗೆ ಸಾಮಾನ್ಯರ ಮನೆಯ ದೇವರ ಕೋಣೆಯನ್ನು ಪ್ರವೇಶಿಸಿದರು. ರವಿವರ್ಮರು ಬಾಳಿನ ಕೊನೆಯ ವರ್ಷಗಳಲ್ಲಿ ಮೈಸೂರಿನ ಅರಸರಿಗಾಗಿಯೂ ಪೌರಾಣಿಕ ಚಿತ್ರಗಳನ್ನು ರಚಿಸಿ, 1906ರಲ್ಲಿ ತೀರಿಕೊಂಡರು.

ಅಂಗಡಿಯಿಂದ ತಂದ ಪಟ ಎಲ್ಲರ ಮನೆಯಲ್ಲಿಯೂ ಒಂದೇ. ಆದರೆ ವರಮಹಾಲಕ್ಷ್ಮಿಯ ವ್ರತದಂದು ಕಲಶಕ್ಕೆ ನೆರಿಗೆ ಹಿಡಿದು ಸೀರೆ ಉಡಿಸಿ ಪಳಗಿದ ಕೈಗಳಿಗೆ ಅಚ್ಚಿನ ಸೀರೆ ಸಾಲದಾಯಿತು. ದಕ್ಷಿಣದ ಅನೇಕ ಮನೆಗಳಲ್ಲಿ ದೇವಿಯ ಮುಖ, ಕೈ, ಪಾದಗಳನ್ನು ಹಾಗೆಯೇ ಬಿಟ್ಟು, ಉಳಿದೆಡೆ ರೇಷ್ಮೆಯ ತುಂಡು, ಜರತಾರಿ, ಚಮಕಿ, ಗಾಜಿನ ಮಣಿಗಳನ್ನು ಅಂಟಿಸಿ ಗಾಜಿನ ಚೌಕಟ್ಟು ಹಾಕಿಸಿದರು. ಒಂದೇ ಕಲ್ಲಿನಿಂದ ಮೂಡಿದ ಲಕ್ಷ್ಮಿ ಒಂದು ಮನೆಯಲ್ಲಿ ಹಸಿರುಡುಗೆಯವಳಾದಳು, ಇನ್ನೊಂದರಲ್ಲಿ ಕೆಂಪಂಚಿನವಳಾದಳು.

ಇದು ಹೊರನೋಟಕ್ಕೆ ತೋರುವಷ್ಟು ಸುಲಭದ ಕೆಲಸವಲ್ಲ. ಅಚ್ಚಿನಲ್ಲಿರುವ ನೆರಿಗೆಗಳ ಮೇಲೆ ಒಂದೇ ಬಟ್ಟೆಯನ್ನು ಹರಡಿದರೆ ನೆರಿಗೆಯೆಲ್ಲ ಮುಚ್ಚಿ, ದೇವಿ ಚೀಲ ತೊಟ್ಟಂತೆ ಕಾಣುವಳು. ಆದುದರಿಂದ ನೆರಿಗೆ ನೆರಿಗೆಗೂ ಬೇರೆ ತುಂಡನ್ನು ಕತ್ತರಿಸಿ, ಎಳೆಯ ದಿಕ್ಕು ತಪ್ಪದಂತೆ ಜೋಡಿಸಬೇಕು. ಮದುವೆಯ ಸೀರೆಯ ದೊಡ್ಡ ಮಾವಿನಕಾಯಿ ಬುಟ್ಟ ಒಂದು ಗೇಣಿನ ಚಿತ್ರಕ್ಕೆ ಒಗ್ಗದು. ರವಿಕೆಯ ಕಿರಿಯ ಅಂಚನ್ನು ಹುಡುಕಬೇಕು. ಅಳತೆ, ಆಯ್ಕೆ, ಹೊಂದಾಣಿಕೆ, ಈ ಮೂರೂ ಕೂಡಿದಾಗಲೇ ಚಿತ್ರಕ್ಕೆ ಕಳೆ.

ಫ್ರಾನ್ಸಿನಲ್ಲಿ ಪಿಕಾಸೊ ಮತ್ತು ಬ್ರಾಕ್ 1912ರಲ್ಲಿ ಚಿತ್ರದ ಮೇಲೆ ಕಾಗದದ ತುಂಡುಗಳನ್ನು ಅಂಟಿಸಿದಾಗ ಕಲಾಲೋಕ ಬೆರಗಾಯಿತು. ಕೊಲಾಜ್ ಎಂಬ ಹೆಸರು ಪ್ರಸಿದ್ಧವಾಯಿತು. ಆ ಹೆಸರನ್ನೇ ಕೇಳದ ಗೃಹಿಣಿಯರು ಕತ್ತರಿ ಮತ್ತು ಅಂಟಿನಿಂದ ಮಾಡಿದುದೂ ಅದೇ ಜಾತಿಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ರಜೆಯ ಮಧ್ಯಾಹ್ನಕ್ಕೆ

ಈ ಕೆಲಸಕ್ಕೆ ಹೆಚ್ಚಿನ ಖರ್ಚಿಲ್ಲ. ಬೇಲೂರಿನ ಮದನಿಕೆಯೊಬ್ಬಳ ಛಾಯಾಚಿತ್ರದ ಮೇಲೆ ತೆಳುಕಾಗದವನ್ನಿಟ್ಟು ಹೊರರೇಖೆಯನ್ನು ಮಾತ್ರ ತೆಗೆದುಕೊಂಡು ದಪ್ಪರಟ್ಟಿನ ಮೇಲೆ ಮೂಡಿಸಬೇಕು. ಬಳಿಕ ನೆರಿಗೆ, ಸೆರಗು, ರವಿಕೆ, ಡಾಬುಗಳ ಆಕಾರವನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಬೇರೆಬೇರೆಯಾಗಿ ಕತ್ತರಿಸಿ, ಒಂದೊಂದಕ್ಕೂ ಅಂಕಿ ಹಾಕಬೇಕು. ಅಮೆರಿಕದ ದರ್ಜಿ ಎಬನೀಜರ್ ಬಟರಿಕ್ 1863ರಲ್ಲಿ ಮಾರಾಟಕ್ಕೆ ತಂದ ಕಾಗದದ ನಮೂನೆಗಳ ಗುಟ್ಟೂ ಇದೇ: ಮೊದಲು ಕಾಗದ, ಆಮೇಲೆ ಬಟ್ಟೆ. ಕಾಗದ ಕೆಟ್ಟರೆ ಇನ್ನೊಂದುಂಟು. ರೇಷ್ಮೆ ಕೆಟ್ಟರೆ ಇಲ್ಲ.

ನಮೂನೆ ಸರಿಹೋದ ಮೇಲೆ ಲಗ್ನಪತ್ರಿಕೆಯ ಹೊಂಬಣ್ಣದ ಕಾಗದ, ಕ್ಯಾಲೆಂಡರಿನ ಹಾಳೆ, ದರ್ಜಿಯ ಅಂಗಡಿಯ ಚೂರುಪಾರು ಬಟ್ಟೆ ಯಾವುದಾದರೂ ಆದೀತು. ಹುಲಿಕೆರೆಯ ಮೆಟ್ಟಿಲಂತಹ ಅಂಚು ಬೇಕಾದರೆ, ಉದ್ದನೆಯ ಕಾಗದವನ್ನು ಬೀಸಣಿಗೆಯಂತೆ ಮಡಿಸಿ, ಮಡಿಕೆಯ ಒಂದು ಪಾರ್ಶ್ವವನ್ನಷ್ಟೇ ಮೆಟ್ಟಿಲಾಕಾರವಾಗಿ ಕತ್ತರಿಸಿ ಬಿಡಿಸಿದರೆ ಸಾಕು. ಸಾಲುಗುಡಿಗಳು ತಾವಾಗಿ ಮೂಡುತ್ತವೆ. ಅಂಟಿಸುವಾಗ ಒಳಗಿನ ಪದರದಿಂದ ಆರಂಭಿಸಿ, ಆಭರಣವನ್ನು ಕೊನೆಗಿಡಬೇಕು.

ಹೆಸರಿಲ್ಲದವರು

ಬೇಲೂರಿನ ಶಿಲ್ಪಗಳ ಪೀಠದಲ್ಲಿ ಸಣ್ಣ ಅಕ್ಷರಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಾವು ಕಡೆದ ಮದನಿಕೆಯರ ಕೆಳಗೆ ಹೆಸರು ಕೊರೆದಿದ್ದಾರೆ. ಒಂಬತ್ತು ಶತಮಾನಗಳು ಕಳೆದರೂ ಅವರು ಯಾರೆಂದು ಜಗತ್ತು ಬಲ್ಲದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದಾಗ ಆ ಕೈಗಳ ಕೀರ್ತಿ ಮತ್ತಷ್ಟು ಬೆಳಗಿತು.

ಪಟಕ್ಕೆ ಸೀರೆ ಉಡಿಸಿದ ಹೆಂಗಸಿಗೆ ಆ ಭಾಗ್ಯವಿಲ್ಲ. ಅಚ್ಚಿನ ಅಡಿಯಲ್ಲಿ ಚಿತ್ರಕಾರನ ಹೆಸರುಂಟು, ಮುದ್ರಣಾಲಯದ ಹೆಸರುಂಟು. ವಾರಗಟ್ಟಲೆ ಕುಳಿತು ಜರಿಯ ಎಳೆ ಜೋಡಿಸಿದವಳ ಹೆಸರಿಲ್ಲ. ಚೌಕಟ್ಟು ಒಡೆದು ಗೆದ್ದಲು ಹತ್ತಿದಾಗ ಹೊಸ ಮನೆಗೆ ಹೊರಟವರು ಅಂಥ ಪಟವನ್ನು ಮರದ ಬುಡದಲ್ಲಿಟ್ಟು ಹೋಗುವುದೂ ಉಂಟು. ಅದರ ಸೀರೆ ಅಜ್ಜಿಯ ಧಾರೆಸೀರೆಯ ಕೊನೆಯ ತುಂಡಾಗಿದ್ದರೂ ಆಗ ಹೇಳುವವರಾರು?

ಅಂಥ ಪಟ ಮನೆಯಲ್ಲಿದ್ದರೆ ಒದ್ದೆಬಟ್ಟೆಯಿಂದ ಒರೆಸದೆ, ಬಿಸಿಲು ಬೀಳದ ಒಣಗೋಡೆಗೆ ತೂಗುಹಾಕುವುದು ಕ್ಷೇಮ. ಹಿರಿಯರು ಇರುವಾಗಲೇ ಅದನ್ನು ಮಾಡಿದವರು ಯಾರು, ಬಟ್ಟೆ ಯಾವ ಸೀರೆಯದು ಎಂದು ಕೇಳಿ ಹಿಂಬದಿಯ ರಟ್ಟಿನ ಮೇಲೆ ಬರೆದಿಡಬೇಕು. ಮಗಳು ಇಂದು ಕಾಗದದಲ್ಲಿ ಮದನಿಕೆಗೆ ಸೀರೆ ಉಡಿಸಿದರೆ, ಮೂಲೆಯಲ್ಲಿ ಅವಳ ಹೆಸರನ್ನೂ ವರ್ಷವನ್ನೂ ಅವಳ ಕೈಯಲ್ಲಿಯೇ ಬರೆಯಿಸಬೇಕು. ಚಾವಣನು ಮಾಡಿದುದೂ ಅಷ್ಟೇ.