ಮರಿ ತರುವುದು ಒಂದು ದಿನ, ಸಾಕುವುದು ಹನ್ನೆರಡು ವರ್ಷ



ಮುರಗೂಡದ ಸುತ್ತ ವೇದಗಂಗೆಯ ದಂಡೆಯ ನಾವು ಅಡಸಾಲಿ ಕಬ್ಬು ನೆಡುವ ಮೊದಲು ಹತ್ತು ಸಲ ಲೆಕ್ಕ ಹಾಕುತ್ತೇವೆ. ಹದಿನೆಂಟು ತಿಂಗಳು ಹೊಲ ಅದಕ್ಕೇ ಮೀಸಲು. ನೀರೆಷ್ಟು, ಗೊಬ್ಬರವೆಷ್ಟು ಎಂದು ವಿಚಾರಿಸುತ್ತೇವೆ. ಎಮ್ಮೆ ಕೊಳ್ಳುವಾಗ ಹಲ್ಲು ನೋಡುತ್ತೇವೆ, ಕೆಚ್ಚಲು ನೋಡುತ್ತೇವೆ. ಆದರೆ ನಾಯಿಮರಿಯ ವಿಷಯದಲ್ಲಿ ಈ ಲೆಕ್ಕವನ್ನೆಲ್ಲ ಮರೆಯುತ್ತೇವೆ. ಪಕ್ಕದ ಮನೆಯ ನಾಯಿ ಈದಿರುತ್ತದೆ, ಮಕ್ಕಳು ಹಟ ಹಿಡಿಯುತ್ತಾರೆ, ಸಂಜೆಗೆ ಮರಿಯೊಂದು ಬುಟ್ಟಿಯಲ್ಲಿ ಮನೆಗೆ ಬರುತ್ತದೆ. ದುಡ್ಡು ಕೊಟ್ಟಿಲ್ಲ, ಆದ್ದರಿಂದ ವಿಚಾರವನ್ನೂ ಮಾಡಿಲ್ಲ.

ಚೆನ್ನಾಗಿ ನೋಡಿಕೊಂಡ ನಾಯಿ 10ರಿಂದ 14 ವರ್ಷ ಬದುಕುತ್ತದೆ. ಎರಡನೆಯ ಇಯತ್ತೆಯಲ್ಲಿದ್ದಾಗ ಮರಿ ಬೇಕೆಂದು ಅತ್ತ ಮಗ ಕಾಲೇಜು ಮುಗಿಸುವ ಹೊತ್ತಿಗೆ ಆ ನಾಯಿ ಮುದಿಯಾಗಿ ಅಂಗಳದಲ್ಲಿ ಮಲಗಿರುತ್ತದೆ. ಅಷ್ಟು ವರ್ಷ ಅದಕ್ಕೆ ಯಾರು ಅನ್ನ ಹಾಕುತ್ತಾರೆ, ಯಾರು ಸೂಜಿ ಹಾಕಿಸುತ್ತಾರೆ ಎಂಬುದನ್ನು ಬುಟ್ಟಿ ಮನೆಗೆ ಬರುವ ಮೊದಲೇ ಕೂತು ಮಾತಾಡಬೇಕು.

ಮೊದಲನೆಯದಾಗಿ ಮರಿಯ ಆರೋಗ್ಯ. ತಾಯಿಯ ಹಾಲು ಬಿಡುವ ಮೊದಲೇ, ಅಂದರೆ ಎರಡು ತಿಂಗಳೊಳಗೆ, ಮರಿಯನ್ನು ತರಬಾರದು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ, ಅಂದರೆ ರೇಬೀಸಿನ ಮೊದಲ ಸೂಜಿ. ಎರಡನೆಯದನ್ನು ದನದ ಡಾಕ್ಟರರು ಹೇಳಿದ ದಿನ ಹಾಕಿಸಿ, ಮುಂದೆ ವರ್ಷಕ್ಕೊಮ್ಮೆ ತಪ್ಪಿಸಬಾರದು. ಜಂತುಹುಳುವಿನ ಔಷಧವನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು. ಕುರಿ ಕೊಯ್ದಾಗ ಹಸಿ ಕರುಳು, ಪಿತ್ತಕೋಶವನ್ನು ನಾಯಿಗೆ ಎಸೆಯುವ ರೂಢಿ ನಮ್ಮಲ್ಲಿದೆ. ಅದರಿಂದ ನಾಯಿಯ ಹೊಟ್ಟೆಗೆ ಒಂದು ಸಣ್ಣ ಲಾಡಿಹುಳು ಸೇರುತ್ತದೆ. ಆ ಹುಳುವಿನ ಮೊಟ್ಟೆ ನಾಯಿಯ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಸೊಪ್ಪು ತರಕಾರಿಗೆ, ಅಲ್ಲಿಂದ ಮನುಷ್ಯರ ಹೊಟ್ಟೆಗೆ ಹೋಗಿ ಪಿತ್ತಕೋಶದಲ್ಲಿ ನೀರು ತುಂಬಿದ ಗಡ್ಡೆಯಾಗಿ ಬೆಳೆಯುತ್ತದೆ. ಹಸಿ ಕರುಳನ್ನು ಆಳವಾಗಿ ಹೂಳಿರಿ. ನಾಯಿ ಮುಟ್ಟಿದ ಮೇಲೆ ಮಕ್ಕಳು ಸಾಬೂನಿನಿಂದ ಕೈ ತೊಳೆದೇ ಊಟಕ್ಕೆ ಕೂಡಲಿ.

ಎರಡನೆಯದು ಸಂತಾನ. ಹೆಣ್ಣು ನಾಯಿಯ ಗರ್ಭ ಸುಮಾರು 63 ದಿನದ್ದು. ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು, ಒಂದೊಂದು ಸಲಕ್ಕೆ ನಾಲ್ಕೈದು ಮರಿ. ಅಷ್ಟೂ ಮರಿಗಳಿಗೆ ಮನೆ ಹುಡುಕುವುದು ಯಾರಿಂದಲೂ ಆಗದು. ಕೊನೆಗೆ ಅವು ಸಂತೆಯ ಬಯಲಿಗೋ ರಸ್ತೆಯ ಬದಿಗೋ ಬೀಳುತ್ತವೆ. ಆರು ತಿಂಗಳಾದ ಮೇಲೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿದರೆ ಈ ಪಾಪದ ಹೊರೆ ನಮ್ಮ ತಲೆಯ ಮೇಲೆ ಬರುವುದಿಲ್ಲ. ಅದರಿಂದ ನಾಯಿ ಕಾವಲು ಬಿಡುತ್ತದೆ ಎಂಬುದು ಸುಳ್ಳು.

ಇನ್ನು ಕೆಲವರು ಪ್ರತಿಷ್ಠೆಗಾಗಿ ಮುಧೋಳ ನಾಯಿ ತರುತ್ತಾರೆ. ಬಾಗಲಕೋಟ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಬೆಳೆಸಿದ ಈ ತಳಿಯ ಚಿತ್ರವಿರುವ ಅಂಚೆ ಚೀಟಿ 2005ರಲ್ಲಿ ಹೊರಬಂತು. ಹೆಮ್ಮೆಯ ತಳಿಯೇ ನಿಜ. ಆದರೆ ಅದು ಬಯಲಲ್ಲಿ ಓಡುವ ಬೇಟೆ ನಾಯಿ. ಅದನ್ನು ಮೋಟಾರು ಮನೆಯ ಕಂಬಕ್ಕೆ ಮೂರು ಮೊಳದ ಸರಪಳಿಯಲ್ಲಿ ಹಗಲಿರುಳು ಕಟ್ಟಿದರೆ ಸಿಟ್ಟಿನ ನಾಯಿಯಾಗುತ್ತದೆ, ಕಚ್ಚುತ್ತದೆ. ತಪ್ಪು ನಾಯಿಯದಲ್ಲ.

ಕಚ್ಚಿದಾಗ ಏನು ಮಾಡಬೇಕು? ಖಾರದ ಪುಡಿ, ಸುಣ್ಣ, ಅರಿಶಿನ ಯಾವುದನ್ನೂ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ. ರಕ್ತ ಬಂದ ಗಾಯಕ್ಕೆ ಸೂಜಿಯ ಜೊತೆಗೆ ಸೀರಮ್ ಎಂಬ ಇನ್ನೊಂದು ಔಷಧವನ್ನೂ ಗಾಯದ ಸುತ್ತ ಕೊಡಬೇಕಾಗುತ್ತದೆ. ಅದನ್ನು ಕೇಳಿ ಪಡೆಯಿರಿ. ಹೊಟ್ಟೆಗೆ ಹದಿನಾಲ್ಕು ಸೂಜಿ ಎಂಬ ಹಳೆಯ ಹೆದರಿಕೆ ಈಗ ಬೇಡ, ಈಗಿನವು ತೋಳಿಗೆ ಹಾಕುವ ನಾಲ್ಕೈದು ಸೂಜಿ ಮಾತ್ರ. 1885ರಲ್ಲಿ ಲೂಯಿ ಪಾಶ್ಚರರು ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನಿಗೆ ಮೊದಲ ಲಸಿಕೆ ಕೊಟ್ಟು ಉಳಿಸಿದರು. ಇಂದಿಗೂ ರೋಗದ ಲಕ್ಷಣ ಕಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮೊದಲು ಸೂಜಿ ಪೂರ್ತಿ ಹಾಕಿಸಿಕೊಂಡವರು ಬದುಕುತ್ತಾರೆ. ಬಯ್ಗುಳಕ್ಕೆ ಹೆದರಿ ಮಕ್ಕಳು ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ಮನೆಯ ಮರಿ ಪರಚಿದರೂ ಹೇಳು, ಬಯ್ಯುವುದಿಲ್ಲ ಎಂದು ಮಕ್ಕಳಿಗೆ ಇಂದೇ ಹೇಳಿಡಿ.

ಈಗ ನಾವು ಮಾತಾಡಲು ನಾಚುವ ವಿಷಯ. ನಾಯಿಗೆ ವಯಸ್ಸಾಗುತ್ತದೆ, ತುರಿ ಹತ್ತುತ್ತದೆ, ಕಣ್ಣು ಮಂಜಾಗುತ್ತದೆ. ಆಗ ಅದನ್ನು ಚೀಲದಲ್ಲಿ ಹಾಕಿ ರಾತ್ರಿ ಮೋಟಾರ್ ಸೈಕಲ್ ಮೇಲೆ ಒಯ್ದು ಬೇರೆ ಊರಿನ ಸೀಮೆಯಲ್ಲಿ ಬಿಟ್ಟು ಬರುವವರಿದ್ದಾರೆ. ಹನ್ನೆರಡು ವರ್ಷ ನಮ್ಮ ಕಬ್ಬಿನ ತೋಟ ಕಾದ ಜೀವ ಅದು. ಹೊಸ ಊರಿನಲ್ಲಿ ಅದು ಹಸಿವೆಯಿಂದ ಸಾಯುತ್ತದೆ, ಇಲ್ಲವೆ ಅಲ್ಲಿಯ ನಾಯಿಗಳ ಕಡಿತಕ್ಕೆ ಸಿಕ್ಕು ಇನ್ನೊಬ್ಬರ ಮಗುವಿಗೆ ಗಂಡಾಂತರವಾಗುತ್ತದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯಂತೆ ಹೀಗೆ ಬಿಟ್ಟು ಬರುವುದು ಅಪರಾಧ. ತುರಿಗೆ ಔಷಧ ಇದೆ. ಹಲ್ಲು ಬಿದ್ದ ನಾಯಿಗೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಹಾಕಿದರೆ ತಿನ್ನುತ್ತದೆ. ವಾಸಿಯಾಗದ ನೋವಿದ್ದರೆ ಏನು ಮಾಡಬೇಕೆಂದು ದನದ ಡಾಕ್ಟರರನ್ನೇ ಕೇಳೋಣ.

ಕೊನೆಯದಾಗಿ ಹೊಳೆಯ ಮಾತು. 2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ ಕೊಲ್ಲಾಪುರ ಜಿಲ್ಲೆಯ ಹೊಳೆಗಳು ಉಕ್ಕಿ ಎಷ್ಟೋ ಜನ ಮನೆ ಬಿಟ್ಟು ಹೊರಡಬೇಕಾಯಿತು. ಅಂಥ ಹೊತ್ತಿನಲ್ಲಿ ಎಮ್ಮೆ ಆಕಳು ನೆನಪಾಗುತ್ತವೆ, ಹಿತ್ತಲ ಗೂಟಕ್ಕೆ ಕಟ್ಟಿದ ನಾಯಿ ನೆನಪಾಗುವುದಿಲ್ಲ. ಮಳೆಗಾಲದಲ್ಲಿ ನೀರು ಏರುವ ಸುದ್ದಿ ಬಂದರೆ ಅದನ್ನೂ ಜೊತೆಗೆ ಕರೆದೊಯ್ಯಿರಿ. ಅದು ಆಗದಿದ್ದರೆ ಕಡೆಯಪಕ್ಷ ಸರಪಳಿ ಬಿಚ್ಚಿರಿ. ಬಿಚ್ಚಿದ ನಾಯಿ ಈಜಿ ದಡ ಸೇರಬಹುದು, ಕಟ್ಟಿದ ನಾಯಿಗೆ ಆ ದಾರಿಯೂ ಇಲ್ಲ.

ಇಷ್ಟೆಲ್ಲ ಆಗುವುದಿಲ್ಲ ಎನಿಸಿದರೆ ಮರಿ ತರದಿರುವುದೇ ಒಳ್ಳೆಯದು, ಅದರಲ್ಲಿ ಅವಮಾನವಿಲ್ಲ. ತಂದಿದ್ದರೆ ಈ ವಾರವೇ ಒಂದು ಕೆಲಸ ಮಾಡೋಣ: ನಮ್ಮ ನಾಯಿಗೆ ಕೊನೆಯ ಸೂಜಿ ಹಾಕಿಸಿದ್ದು ಯಾವಾಗ ಎಂದು ಮನೆಯಲ್ಲಿ ಕೇಳೋಣ. ಯಾರಿಗೂ ನೆನಪಿಲ್ಲವಾದರೆ, ಮರುದಿನವೇ ದನದ ದವಾಖಾನೆಗೆ ಕರೆದೊಯ್ಯೋಣ.