ಮೌನದ ಮಾತು

ಕುಂದಗೋಳ ತಾಲ್ಲೂಕಿನ ಗುಡಗೇರಿಯ ರೈತನೊಬ್ಬನು ರೈಲಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಗೆ ಹೋದನೆಂದು ಭಾವಿಸೋಣ. ವೈದ್ಯರು ಏನು ತೊಂದರೆಯೆಂದು ಕೇಳುತ್ತಾರೆ. "ತಲಿ ಭಾರ ಆಗೇತ್ರಿ, ನಿದ್ದಿ ಹತ್ತೂದಿಲ್ರಿ" ಎಂದಷ್ಟೇ ಹೇಳಿ ಆತನು ಸುಮ್ಮನಾಗುತ್ತಾನೆ. ಮನಸ್ಸಿನ ನೋವಿನ ಮಾತು ಬಾಯಿಗೆ ಬರಲಿಲ್ಲ. ಆದರೆ ಕುಗ್ಗಿದ ಹೆಗಲು, ನೆಲದಲ್ಲಿ ನೆಟ್ಟ ನೋಟ, ತಡೆತಡೆದು ಬರುವ ಕ್ಷೀಣ ದನಿ, ತೊಡೆಯ ಮೇಲೆ ಅಲುಗದೆ ಬಿದ್ದಿರುವ ಕೈಗಳು ಆ ನೋವನ್ನು ಸೂಚಿಸುತ್ತಿರುತ್ತವೆ. ಇದೇ ದೇಹಭಾಷೆ.

ಖಿನ್ನತೆಯೆಂದರೆ ಒಂದೆರಡು ದಿನಗಳ ಬೇಸರವಲ್ಲ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಮನಸ್ಸನ್ನು ಕವಿದು, ಆಸಕ್ತಿ, ಹಸಿವು, ನಿದ್ರೆಗಳನ್ನು ಕೆಡಿಸುವ ಕಾಯಿಲೆ ಅದು. ಅನೇಕರಲ್ಲಿ ಅದು ನಡೆನುಡಿಯನ್ನೂ ನಿಧಾನಗೊಳಿಸುತ್ತದೆ. ದುಃಖದಲ್ಲಿ ಹುಬ್ಬಿನ ಒಳತುದಿ ಮೇಲೇರುವುದನ್ನೂ ಬಾಯಿಯ ಅಂಚು ಕೆಳಗಿಳಿಯುವುದನ್ನೂ ಚಾರ್ಲ್ಸ್ ಡಾರ್ವಿನ್ನನು 1872ರಷ್ಟು ಹಿಂದೆಯೇ ತನ್ನ ಗ್ರಂಥವೊಂದರಲ್ಲಿ ವರ್ಣಿಸಿದ್ದಾನೆ.

ಚಿಕಿತ್ಸಕರ ದೇಹವೂ ಮಾತನಾಡುತ್ತದೆಂಬುದನ್ನು ಮರೆಯಬಾರದು. ಗಡಿಯಾರದತ್ತ ಹೊರಳಿದ ಕಣ್ಣು "ಬೇಗ ಮುಗಿಸು" ಎನ್ನುತ್ತದೆ. ತುಸು ಮುಂದೆ ಬಾಗಿದ ಮೈ, ಮೌನವನ್ನು ಸಹಿಸುವ ತಾಳ್ಮೆ "ಹೇಳು, ಕೇಳುತ್ತಿದ್ದೇನೆ" ಎನ್ನುತ್ತವೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಸಂಶೋಧಕರಾದ ರಾಮ್ಸೆಯರ್ ಮತ್ತು ಚಾಕರ್ ಅವರು ಮನೋಚಿಕಿತ್ಸೆಯ ಭೇಟಿಗಳ ವಿಡಿಯೋ ಚಿತ್ರಗಳನ್ನು ಪರೀಕ್ಷಿಸಿ, 2011ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು: ಇಬ್ಬರ ಚಲನೆಗಳು ಹೆಚ್ಚು ಹೊಂದಿಕೊಂಡಿದ್ದ ಕಡೆ ರೋಗಿಗಳು ಚಿಕಿತ್ಸಕರೊಡನೆ ತಮಗಿದ್ದ ಬಾಂಧವ್ಯವನ್ನು ಉತ್ತಮವೆಂದು ಎಣಿಸಿದ್ದರು.

ಆದರೂ ಈ ಭಾಷೆಗೆ ನಿಘಂಟಿಲ್ಲ. ನಮ್ಮ ಹಳ್ಳಿಗಳಲ್ಲಿ ಹಿರಿಯರೆದುರು ಕಣ್ಣು ತಗ್ಗಿಸುವುದು ಮರ್ಯಾದೆ; ಅದನ್ನೇ ಖಿನ್ನತೆಯೆಂದು ತಿಳಿದರೆ ತಪ್ಪಾದೀತು. ಒಳಗೆ ಬೇಯುತ್ತಿದ್ದರೂ ಹೊರಗೆ ನಗುವವರೂ ಉಂಟು. ಆದುದರಿಂದ ಬಲ್ಲ ವೈದ್ಯರು ಕಂಡದ್ದನ್ನೇ ತೀರ್ಪಾಗಿಸದೆ, ಮೆಲ್ಲಗೆ ಕೇಳಿ ತಿಳಿಯುತ್ತಾರೆ.

ಆಸ್ಪತ್ರೆಗೆ ಬರಲಾರದವರಿಗಾಗಿ 2022ರಲ್ಲಿ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಆರಂಭವಾಯಿತು. ಅದರ ಸಂಖ್ಯೆ 14416. ಅಲ್ಲಿ ಮುಖ ಕಾಣದಿದ್ದರೂ ದನಿಯ ಏರಿಳಿತವೂ ನಡುವಣ ಮೌನವೂ ಕೇಳಿಸುತ್ತವೆ.

ಗುಡಗೇರಿಯ ರೈತನು ಬಹಳ ಹೊತ್ತಿನ ಮೇಲೆ ಒಮ್ಮೆ ತಲೆಯೆತ್ತುತ್ತಾನೆ. ಆಗ ವೈದ್ಯರ ದೃಷ್ಟಿ ಕಾಗದದ ಮೇಲಿದ್ದರೆ ಆ ತಲೆ ಮತ್ತೆ ತಗ್ಗುತ್ತದೆ. ಅವನ ಮೇಲಿದ್ದರೆ ಮಾತು ಆರಂಭವಾಗುತ್ತದೆ.