ಬರ್ಗೆನ್ನಿನ ರಿಜಿಸ್ಟರು

ನಾನು ಸಿರುಗುಪ್ಪ ತಾಲೂಕಿನ ದೇಶನೂರಿನವನು. ವಿಜಯನಗರದ ಅರಸರು ತೋಡಿಸಿದ ಕಾಲುವೆಯಲ್ಲಿ ಇವತ್ತಿಗೂ ತುಂಗಭದ್ರೆಯ ನೀರು ಹರಿದು ಬರುವ ಊರು ನಮ್ಮದು. ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಪ್ಯಾರಾಮೆಡಿಕಲ್ ವರ್ಕರ್ ಆಗಿ ಸೇರಿ, ಭತ್ತದ ಬದುಗಳ ಮೇಲೆ ಸೈಕಲ್ ತಳ್ಳಿಕೊಂಡು ಮನೆಮನೆ ತಿರುಗಿ, ಅದೇ ಕೆಲಸದಲ್ಲಿ ನಿವೃತ್ತನಾದೆ. ತರಬೇತಿಯ ಮೊದಲ ಪಾಠದಲ್ಲೇ ನಮಗೆ ಹೇಳಿಕೊಟ್ಟ ಹೆಸರು ಹ್ಯಾನ್ಸನ್. ಕುಷ್ಠವನ್ನು ಹ್ಯಾನ್ಸನ್ ಕಾಯಿಲೆ ಎಂತಲೂ ಕರೆಯುತ್ತಾರೆ, ಅದರ ರೋಗಾಣುವನ್ನು ಕಂಡುಹಿಡಿದವರು ನಾರ್ವೆಯ ಆ ವೈದ್ಯರು ಎಂದು ಒಂದು ಸಾಲು ಬರೆಸಿದರು, ಪರೀಕ್ಷೆಯಲ್ಲಿ ನಾವು ಅದನ್ನೇ ಬರೆದೆವು. ಆ ಒಂದು ಸಾಲಿನ ಹಿಂದೆ ಒಂದು ದೇಶದ ಅರ್ಧ ಶತಮಾನದ ಕಷ್ಟ ಇದೆಯೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ತಿಳಿದ ಮೇಲೆ ಅದನ್ನು ನಮ್ಮ ಜನರಿಗೆ ಹೇಳಬೇಕೆನ್ನಿಸಿದೆ.

ಇವತ್ತು ನಾರ್ವೆ ಎಂದರೆ ಶ್ರೀಮಂತ ದೇಶ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಹಾಗಿರಲಿಲ್ಲ. ಡೆನ್ಮಾರ್ಕಿನ ದೊರೆಯ ಕೈಯಲ್ಲಿದ್ದ ನಾಡನ್ನು 1814ರಲ್ಲಿ ಒಪ್ಪಂದ ಮಾಡಿಕೊಂಡು ಸ್ವೀಡನ್ನಿಗೆ ಬಿಟ್ಟುಕೊಟ್ಟರು. 1800ರಲ್ಲಿ ನಮ್ಮ ಬಳ್ಳಾರಿ ಸೀಮೆಯನ್ನು ನಿಜಾಮ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟಾಗ ಇಲ್ಲಿನ ರೈತರನ್ನು ಯಾರೂ ಕೇಳಲಿಲ್ಲ; ಅಲ್ಲಿಯೂ ಕೇಳಲಿಲ್ಲ. ಆದರೆ ನಾರ್ವೆಯ ಪ್ರತಿನಿಧಿಗಳು ಅದೇ ವರ್ಷ ಐಡ್ಸ್‌ವೋಲ್ ಎಂಬಲ್ಲಿ ಸೇರಿ, ಮೇ 17ರಂದು ತಮ್ಮದೇ ಸಂವಿಧಾನಕ್ಕೆ ಸಹಿ ಹಾಕಿದರು. ಸ್ವೀಡನ್ನಿನ ದೊರೆಯ ಕೆಳಗಿದ್ದರೂ ಆ ಸಂವಿಧಾನವನ್ನು ಉಳಿಸಿಕೊಂಡು, 1905ರಲ್ಲಿ ಪೂರ್ತಿ ಸ್ವತಂತ್ರರಾದರು. ನಡುವಿನ ತೊಂಬತ್ತು ವರ್ಷ ಬಡತನದ್ದು. ಪಶ್ಚಿಮ ಕರಾವಳಿಯಲ್ಲಿ ಕಲ್ಲುಬೆಟ್ಟದ ನಡುವೆ ಚೂರುಪಾರು ಹೊಲ, ಸಮುದ್ರದಲ್ಲಿ ಮೀನು, ಒಂದೇ ಕೋಣೆಯಲ್ಲಿ ಮಲಗುವ ಇಡೀ ಮನೆ. ಲಕ್ಷಗಟ್ಟಲೆ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಯುರೋಪಿನ ಬೇರೆ ಕಡೆ ಹೆಚ್ಚುಕಡಿಮೆ ಮರೆಯಾಗಿದ್ದ ಕುಷ್ಠ ಆ ಕರಾವಳಿಯಲ್ಲಿ ಮಾತ್ರ ಬೇರುಬಿಟ್ಟು ಕೂತಿತ್ತು.

ಕರಾವಳಿಯ ದೊಡ್ಡ ಪಟ್ಟಣ ಬರ್ಗೆನ್. ಅಲ್ಲಿ ಹದಿನೈದನೆಯ ಶತಮಾನದಿಂದಲೂ ಸೇಂಟ್ ಯೋರ್ಗನ್ ಎಂಬ ಕುಷ್ಠಾಲಯ ಇತ್ತು. ಒಳಗೆ ಹೋದವರು ಹೊರಗೆ ಬರುತ್ತಿರಲಿಲ್ಲ. ಯೊಹಾನ್ ವೆಲ್ಹಾವನ್ ಎಂಬ ಪಾದ್ರಿ ಅಲ್ಲಿನ ರೋಗಿಗಳ ಪಾಡನ್ನು 1816ರಲ್ಲೇ ವಿವರವಾಗಿ ಬರೆದು ಪ್ರಕಟಿಸಿದರು. ಆಮೇಲೆ ಬಂದವರು ಡೇನಿಯಲ್ ಡೇನಿಯಲ್ಸನ್. ಈ ವೈದ್ಯರು ಚರ್ಮರೋಗ ತಜ್ಞ ಬೋಯೆಕ್ ಅವರ ಜೊತೆ ಸೇರಿ 1847ರಲ್ಲಿ ಕುಷ್ಠದ ಬಗ್ಗೆ ಒಂದು ದೊಡ್ಡ ಗ್ರಂಥ ತಂದರು. ಗಂಟು ಬರುವ ಬಗೆ ಯಾವುದು, ಸ್ಪರ್ಶ ಹೋಗುವ ಬಗೆ ಯಾವುದು ಎಂದು ಮೊದಲ ಸಲ ಸರಿಯಾಗಿ ಬೇರ್ಪಡಿಸಿ ಚಿತ್ರಸಮೇತ ತೋರಿಸಿದ ಪುಸ್ತಕ ಅದು. ಆದರೆ ರೋಗ ರಕ್ತದಲ್ಲಿ, ವಂಶದಲ್ಲಿ ಬರುತ್ತದೆಂದು ಡೇನಿಯಲ್ಸನ್ ಗಟ್ಟಿಯಾಗಿ ನಂಬಿದ್ದರು. ಅಂಟುವುದಿಲ್ಲವೆಂದು ಸಾಧಿಸಲು ರೋಗಿಯ ಗಂಟಿನ ರಸವನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಏನೂ ಆಗಲಿಲ್ಲ. ಕುಷ್ಠಕ್ಕೆ ಎದುರು ನಿಲ್ಲುವ ಶಕ್ತಿ ಬಹುಪಾಲು ಜನರ ಮೈಯಲ್ಲೇ ಇರುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ನನ್ನ ದೃಷ್ಟಿಯಲ್ಲಿ ಈ ಕಥೆಯ ಅತಿ ದೊಡ್ಡ ಘಟನೆ ಸೂಕ್ಷ್ಮದರ್ಶಕದ ಕೆಳಗೆ ನಡೆದದ್ದಲ್ಲ, ಒಂದು ಮೇಜಿನ ಮೇಲೆ ನಡೆದದ್ದು. 1854ರಲ್ಲಿ ನಾರ್ವೆ ಸರ್ಕಾರ ಕುಷ್ಠಕ್ಕೆಂದೇ ಮುಖ್ಯ ವೈದ್ಯಾಧಿಕಾರಿಯ ಹುದ್ದೆ ಮಾಡಿ ಓವೆ ಹೋಯೆಗ್ ಎಂಬವರನ್ನು ನೇಮಿಸಿತು. 1856ರಲ್ಲಿ ದೇಶದ ಪ್ರತಿಯೊಬ್ಬ ಕುಷ್ಠರೋಗಿಯ ಹೆಸರು, ಊರು, ವಯಸ್ಸು, ರೋಗ ಶುರುವಾದ ಕಾಲ, ಮನೆಯವರಲ್ಲಿ ಇನ್ನಾರಿಗಿದೆ ಎಂಬುದನ್ನೆಲ್ಲ ಬರೆದಿಡುವ ರಾಷ್ಟ್ರೀಯ ರಿಜಿಸ್ಟರು ಶುರುವಾಯಿತು. ಒಂದು ರೋಗಕ್ಕೆ ಇಡೀ ದೇಶದ ಹೆಸರುಪಟ್ಟಿ ಮಾಡಿದ್ದು ಜಗತ್ತಿನಲ್ಲಿ ಅದೇ ಮೊದಲು. ಜಿಲ್ಲಾ ವೈದ್ಯರು ಫಿಯೋರ್ಡು ಎಂಬ ಕಡಲ ಚಾಚುಗಳಲ್ಲಿ ದೋಣಿ ನಡೆಸಿಕೊಂಡು ಹೋಗಿ ಬರೆದುಕೊಂಡು ಬಂದರು. ಆಗ ಅಲ್ಲಿ ಇದ್ದ ರೋಗಿಗಳು ಮೂರು ಸಾವಿರಕ್ಕೆ ತುಸು ಕಡಿಮೆ. ರೋಗ ಪೂರ್ತಿ ಹೋಗುವ ಹೊತ್ತಿಗೆ ಎಂಟು ಸಾವಿರಕ್ಕೂ ಹೆಚ್ಚು ಹೆಸರುಗಳು ಆ ಪುಸ್ತಕಗಳನ್ನು ಸೇರಿದ್ದವು. ಬರ್ಗೆನ್ನಿನ ಕುಷ್ಠ ದಾಖಲೆಗಳನ್ನು ಯುನೆಸ್ಕೊ 2001ರಲ್ಲಿ ತನ್ನ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿಕೊಂಡಿದೆ. ಕೆಲಸದುದ್ದಕ್ಕೂ ರಿಜಿಸ್ಟರು ಬರೆದ ನನಗೆ ಈ ಸುದ್ದಿ ತಿಳಿದಾಗ ಆದ ಸಂತೋಷ ಇಷ್ಟೆಂದು ಹೇಳಲಾರೆ.

ಗೆರ್ಹಾರ್ಡ್ ಆರ್ಮೌಯರ್ ಹ್ಯಾನ್ಸನ್ ಹುಟ್ಟಿದ್ದು ಬರ್ಗೆನ್ನಿನಲ್ಲೇ, 1841ರಲ್ಲಿ. ವೈದ್ಯಪದವಿ ಮುಗಿಸಿ, ಉತ್ತರದ ಲೋಫೋಟೆನ್ ದ್ವೀಪಗಳ ಮೀನುಗಾರರ ನಡುವೆ ಕೆಲವು ಕಾಲ ಇದ್ದು, 1868ರಲ್ಲಿ ಡೇನಿಯಲ್ಸನ್ನರ ಆಸ್ಪತ್ರೆ ಸೇರಿದರು. ಗುರುವಿನ ಮಗಳನ್ನೇ ಮದುವೆಯಾದರು. ಆಕೆ ಮದುವೆಯಾದ ವರ್ಷವೇ ಕ್ಷಯದಿಂದ ತೀರಿಕೊಂಡರು. ಮಾವನ ಮೇಲೆ ಅಪಾರ ಗೌರವ ಇಟ್ಟುಕೊಂಡೇ ಅಳಿಯ ಅವರ ಸಿದ್ಧಾಂತವನ್ನು ಒಪ್ಪಲಿಲ್ಲ. ರಿಜಿಸ್ಟರಿನ ಹೆಸರುಗಳನ್ನು ಹಿಡಿದು ಊರೂರು ತಿರುಗಿದರು. ಒಂದು ಮನೆಯಲ್ಲಿ ರೋಗಿಯನ್ನು ಬೇರೆ ಇರಿಸಿದರೆ ಅಲ್ಲಿ ಹೊಸ ರೋಗಿಗಳು ಕಡಿಮೆ, ಜೊತೆಗೇ ಮಲಗಿಸಿಕೊಂಡರೆ ಹೆಚ್ಚು ಎಂಬುದು ಅವರ ಕಣ್ಣಿಗೆ ಬಿತ್ತು. ವಂಶದ ದೋಷವಾದರೆ ಹೀಗಾಗುವಂತಿಲ್ಲ. ಅಂದರೆ ಯಾವುದೋ ಒಂದು ವಸ್ತು ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ.

ಆ ವಸ್ತುವನ್ನು ಅವರು 1873ರ ಫೆಬ್ರುವರಿ 28ರಂದು ನೋಡಿದರು. ರೋಗಿಯ ಗಂಟಿನಿಂದ ತೆಗೆದ ರಸದಲ್ಲಿ ಕಡ್ಡಿಯಂಥ ಜೀವಿಗಳು. ರೋಗಾಣುಗಳಿಗೆ ಬಣ್ಣ ಹಾಕಿ ಎದ್ದು ಕಾಣುವಂತೆ ಮಾಡುವ ವಿದ್ಯೆ ಆಗ ಸರಿಯಾಗಿ ಕೈಗೆ ಬಂದಿರಲಿಲ್ಲ. ನಾನು ಸಿರುಗುಪ್ಪದಲ್ಲಿ ನೋಡಿದ್ದು ಬಣ್ಣ ಹಾಕಿದ ಗಾಜನ್ನು. ರೋಗಿಯ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ರಕ್ತ ಬಾರದ ಹಾಗೆ ಬ್ಲೇಡಿನಿಂದ ಸಣ್ಣ ಸೀಳು ಮಾಡಿ, ಕೆರೆದ ರಸವನ್ನು ಗಾಜಿಗೆ ಸವರಿ, ಬಣ್ಣ ಹಾಕಿ ನೋಡಿದರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಬೀಡಿ ಕಟ್ಟಿನ ಹಾಗೆ ಒತ್ತೊತ್ತಾಗಿ ಬಿದ್ದಿರುತ್ತವೆ. ಬಣ್ಣದ ಆಸರೆಯಿಲ್ಲದೆ ಅವುಗಳನ್ನು ಗುರುತಿಸಿ, ಇದೇ ಕಾರಣ ಎನ್ನುವ ಧೈರ್ಯ ತೋರಿದ ಕಣ್ಣು ಎಂಥದ್ದು! ಕ್ಷಯದ ರೋಗಾಣು ರಾಬರ್ಟ್ ಕಾಕ್ ಅವರಿಗೆ ಕಂಡದ್ದು ಇದಕ್ಕೆ ಒಂಬತ್ತು ವರ್ಷ ತಡವಾಗಿ. 1879ರಲ್ಲಿ ಜರ್ಮನಿಯಿಂದ ಬಂದ ನೈಸರ್ ಎಂಬ ತರುಣ ಹ್ಯಾನ್ಸನ್ನರಿಂದಲೇ ಮಾದರಿ ಪಡೆದು, ಅದಕ್ಕೆ ಬಣ್ಣ ಹಾಕಿ, ಕಂಡುಹಿಡಿದವನು ತಾನೆಂಬಂತೆ ಬರೆದುಕೊಂಡ. ಆ ಜಗಳ ಕೆಲವು ವರ್ಷ ನಡೆದು, ಕೊನೆಗೆ ಹೆಸರು ಹ್ಯಾನ್ಸನ್ನರದ್ದೇ ಉಳಿಯಿತು.

ಇದರಲ್ಲಿ ನಮ್ಮ ಸೀಮೆಗೂ ಒಂದು ಎಳೆ ಇದೆ. ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದ್ದ ಹೆನ್ರಿ ವಾನ್‌ಡೈಕ್ ಕಾರ್ಟರ್ 1873ರಲ್ಲಿ ನಾರ್ವೆಗೆ ಹೋಗಿ, ಅಲ್ಲಿನ ಕುಷ್ಠಾಲಯಗಳನ್ನೂ ರಿಜಿಸ್ಟರನ್ನೂ ನೋಡಿ, ಭಾರತಕ್ಕೆ ಅದರಿಂದ ಏನು ಉಪಯೋಗ ಎಂದು 1874ರಲ್ಲಿ ವರದಿ ಅಚ್ಚು ಹಾಕಿಸಿದರು. ವೈದ್ಯ ವಿದ್ಯಾರ್ಥಿಗಳು ಇವತ್ತಿಗೂ ಓದುವ ಗ್ರೇ ಅವರ ಅಂಗರಚನಾ ಗ್ರಂಥಕ್ಕೆ ಚಿತ್ರ ಬರೆದವರು ಇವರೇ. ಆಗ ಧಾರವಾಡ, ಬೆಳಗಾವಿ, ಕಾರವಾರ ಮುಂಬಯಿ ಪ್ರಾಂತ್ಯದಲ್ಲಿದ್ದವು, ಬಳ್ಳಾರಿ ಮದ್ರಾಸಿನಲ್ಲಿತ್ತು. ಆದರೆ ನಾರ್ವೆಯ ಪಾಠ ಇಲ್ಲಿ ಬೇಗ ಇಳಿಯಲಿಲ್ಲ. ಬಡ ರೋಗಿಗಳನ್ನು ಸರದಿಯ ಮೇಲೆ ಮನೆಯಿಂದ ಮನೆಗೆ ಸಾಗಿಸಿ ಸಾಕುತ್ತಿದ್ದ ಪದ್ಧತಿಯನ್ನು ನಾರ್ವೆ 1877ರಲ್ಲಿ ಕಾನೂನು ಮಾಡಿ ನಿಲ್ಲಿಸಿತು. ಅದೇ 1877ರಲ್ಲಿ ಬಳ್ಳಾರಿ ಸೀಮೆಯ ಜನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ದಾರಿದಾರಿಯಲ್ಲಿ ಬಿದ್ದು ಸಾಯುತ್ತಿದ್ದರು. ಹಸಿದು ಸತ್ತವರ ಹೆಸರನ್ನೇ ಯಾರೂ ಬರೆಯದಿದ್ದಾಗ ಕುಷ್ಠರೋಗಿಯ ಹೆಸರನ್ನು ಯಾರು ಬರೆದಾರು?

ಹ್ಯಾನ್ಸನ್ನರ ಕಥೆಯಲ್ಲಿ ನನಗೆ ಹೆಚ್ಚು ಮುಖ್ಯವಾದ ಇನ್ನೊಂದು ದಿನ 1879ರ ನವೆಂಬರ್ 3. ರೋಗಾಣುವನ್ನು ಕಂಡರೂ ಅದರಿಂದಲೇ ರೋಗ ಬರುತ್ತದೆಂದು ಸಾಧಿಸಲು ಅವರಿಗೆ ಆಗಿರಲಿಲ್ಲ. ಅದನ್ನು ಪಾತ್ರೆಯಲ್ಲಿ ಬೆಳೆಸಲು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಆ ಹತಾಶೆಯಲ್ಲಿ ಆಸ್ಪತ್ರೆಯಲ್ಲಿದ್ದ ಕಾರಿ ನೀಲ್ಸ್‌ಡಾಟರ್ ಎಂಬ ರೋಗಿಯ ಕಣ್ಣಿಗೆ ಇನ್ನೊಬ್ಬ ರೋಗಿಯ ಗಂಟಿನ ರಸವನ್ನು ಶಸ್ತ್ರದ ಮೊನೆಯಿಂದ ಚುಚ್ಚಿದರು. ಆಕೆಯನ್ನು ಕೇಳಲಿಲ್ಲ. ಆಕೆ ಆಸ್ಪತ್ರೆಯ ಪಾದ್ರಿಯ ಹತ್ತಿರ ಹೇಳಿಕೊಂಡರು, ದೂರು ಹೋಯಿತು, 1880ರ ಮೇ 31ರಂದು ಬರ್ಗೆನ್ನಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಒಪ್ಪಿಗೆ ಕೇಳಲಿಲ್ಲವೆಂಬುದನ್ನು ಹ್ಯಾನ್ಸನ್ ಮುಚ್ಚಿಡಲಿಲ್ಲ. ಆಸ್ಪತ್ರೆಯ ವೈದ್ಯರ ಹುದ್ದೆ ಹೋಯಿತು. ಇಡೀ ದೇಶದ ಕುಷ್ಠ ಅಧಿಕಾರಿಯ ಹುದ್ದೆ ಮಾತ್ರ ಅವರಲ್ಲೇ ಉಳಿಯಿತು. ಜಗತ್ತಿನಲ್ಲಿ ಹೆಸರು ಮಾಡಿದ ವಿಜ್ಞಾನಿಯ ಎದುರು, ಆಸ್ಪತ್ರೆಯಲ್ಲಿದ್ದ ಒಬ್ಬ ಹೆಂಗಸಿನ ಮಾತಿಗೆ ಒಂದು ನ್ಯಾಯಾಲಯ ಬೆಲೆ ಕೊಟ್ಟಿತಲ್ಲ, ಅದು ಸಣ್ಣ ಸಂಗತಿಯಲ್ಲ. ಹ್ಯಾನ್ಸನ್ನರನ್ನು ನಾನು ಪೂಜ್ಯರೆಂದೇ ತಿಳಿದಿದ್ದೇನೆ. ಆ ತೀರ್ಪೂ ನನಗೆ ಅಷ್ಟೇ ಪೂಜ್ಯ.

1885ರಲ್ಲಿ ನಾರ್ವೆ ತಂದ ಕುಷ್ಠದ ಕಾನೂನು ಹ್ಯಾನ್ಸನ್ನರ ಒತ್ತಾಯದಿಂದಲೇ ಬಂದದ್ದು. ರೋಗಿ ಮನೆಯಲ್ಲಿದ್ದರೆ ಬೇರೆ ಕೋಣೆ, ಬೇರೆ ಹಾಸಿಗೆ ಇರಬೇಕು. ಅದು ಆಗದಿದ್ದರೆ ಆಸ್ಪತ್ರೆ. ಕಟ್ಟುನಿಟ್ಟಿನ ಕಾನೂನೇ ಸರಿ, ಆದರೂ ನಿರ್ಧಾರ ಊರಿನ ಆರೋಗ್ಯ ಸಮಿತಿಯದ್ದಾಗಿತ್ತು. ಬ್ರಿಟಿಷರು ನಮ್ಮಲ್ಲಿ 1898ರಲ್ಲಿ ತಂದ ಕಾಯ್ದೆ ಬೇರೆಯದೇ ಬಗೆಯದು. ಗತಿಯಿಲ್ಲದೆ ತಿರುಗುವ ಕುಷ್ಠರೋಗಿಯನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಆ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಹೇಳಿದ್ದ ಕಲಂ ನಮ್ಮ ವಿವಾಹ ಕಾಯ್ದೆಗಳಿಂದ ಹೋದದ್ದು 2019ರಲ್ಲಿ.

1888ರಲ್ಲಿ ಹ್ಯಾನ್ಸನ್ ಅಮೆರಿಕಕ್ಕೂ ಹೋದರು. ವಲಸೆ ಹೋದ ನಾರ್ವೆಯ ರೋಗಿಗಳ ಮಕ್ಕಳು ಮೊಮ್ಮಕ್ಕಳನ್ನು ಹುಡುಕಿ ನೋಡಿದರು. ಒಬ್ಬರಲ್ಲೂ ರೋಗ ಇರಲಿಲ್ಲ. ರಕ್ತ ಅದೇ, ಮನೆ ಬೇರೆ, ಊಟ ಬೇರೆ.

ಶತಮಾನ ಮುಗಿಯುವ ಹೊತ್ತಿಗೆ ನಾರ್ವೆಯ ರೋಗಿಗಳು ಆರುನೂರಕ್ಕಿಂತ ಕೆಳಗಿಳಿದಿದ್ದರು. ನಿಜವಾದ ಮದ್ದು ಒಂದೂ ಇರಲಿಲ್ಲ. ನಮ್ಮ ಪಶ್ಚಿಮಘಟ್ಟದ ಗರುಡಫಲದ ಜಾತಿಯ ಮರಗಳ ಬೀಜದ ಎಣ್ಣೆಯೇ ಆಗ ಜಗತ್ತಿಗೆಲ್ಲ ಔಷಧಿ. ಡ್ಯಾಪ್ಸೋನ್ ಬಂದದ್ದು 1940ರ ದಶಕದಲ್ಲಿ, ಮೂರು ಔಷಧಿಗಳನ್ನು ಕೂಡಿಸಿದ ಎಂಡಿಟಿ ಬಂದದ್ದು 1982ರಲ್ಲಿ. ನಾರ್ವೆಯಲ್ಲಿ ಬೇರೆ ಕೋಣೆ, ಒಳ್ಳೆಯ ಊಟ, ವಲಸೆ ಎಲ್ಲವೂ ಸೇರಿ ರೋಗವನ್ನು ಇಳಿಸಿರಬೇಕು. ಯಾರು ಎಲ್ಲಿದ್ದಾರೆಂದು ಗೊತ್ತಿಲ್ಲದೆ ಇದರಲ್ಲಿ ಒಂದೂ ಕೈಗೂಡುತ್ತಿರಲಿಲ್ಲವೆಂದು ನನ್ನ ಅನುಭವ ಹೇಳುತ್ತದೆ. ಸೇಂಟ್ ಯೋರ್ಗನ್ನಿನ ಕೊನೆಯ ಇಬ್ಬರು ರೋಗಿಗಳು 1946ರಲ್ಲಿ ತೀರಿಕೊಂಡರು. ಈಗ ಅದು ವಸ್ತುಸಂಗ್ರಹಾಲಯ.

ನಮ್ಮಲ್ಲಿ ರೋಗ ಇನ್ನೂ ಮ್ಯೂಸಿಯಂ ಸೇರಿಲ್ಲ. 2005ರ ಕೊನೆಗೆ ದೇಶಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾಯಿತೆಂದು ಘೋಷಿಸಿದರು. ಆದರೂ ವರ್ಷಕ್ಕೆ ಲಕ್ಷದಷ್ಟು ಹೊಸ ರೋಗಿಗಳು ಸಿಗುತ್ತಾರೆ, ಜಗತ್ತಿನ ಅರ್ಧಕ್ಕೂ ಹೆಚ್ಚು. ಒಮ್ಮೆ ನಮ್ಮೂರಿನ ಹತ್ತಿರದ ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದಳು. ಕಾದ ಹೆಂಚಿನ ಅಂಚಿಗೆ ಕಿರುಬೆರಳು ತಾಗಿಕೊಂಡೇ ಇತ್ತು, ಅವಳು ಮಾತಾಡುತ್ತಲೇ ಇದ್ದಳು. "ಯವ್ವಾ, ಕೈ ಸುಡ್ತೈತಿ ನೋಡು" ಎಂದೆ. "ಇಲ್ಲಣ್ಣಾ, ಏನೂ ಗೊತ್ತಾಗವಲ್ದು" ಎಂದಳು. ಮೊಣಕೈ ಹಿಂದಿನ ನರ ಮುಟ್ಟಿದರೆ ಹಗ್ಗದಷ್ಟು ದಪ್ಪ. ಬೆನ್ನಿನ ಮೇಲೆ ಬಣ್ಣಗೆಟ್ಟ ಮಚ್ಚೆಗಳು. ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಮುಟ್ಟುತ್ತಾ ಹೋದೆ. ಮಚ್ಚೆಯ ಹೊರಗೆ ಮುಟ್ಟಿದಾಗ ಬೆರಳಿಟ್ಟು ತೋರಿಸಿದಳು, ಒಳಗೆ ಮುಟ್ಟಿದಾಗ ಸುಮ್ಮನಿದ್ದಳು. ಎಂಡಿಟಿ ಒಂದು ವರ್ಷ ನುಂಗಿದಳು. ಕೈ ಮುದುಡಲಿಲ್ಲ. ಮೊದಲ ಡೋಸಿನಿಂದಲೇ ರೋಗ ಬೇರೆಯವರಿಗೆ ದಾಟುವುದು ನಿಲ್ಲುತ್ತದೆ. ಮಚ್ಚೆ ಕಡಿಮೆಯಿದ್ದವರಿಗೆ ಆರು ತಿಂಗಳು ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಈಗ ರೋಗಿಯ ಮನೆಯವರಿಗೂ ನೆರೆಯವರಿಗೂ ರೋಗ ಬಾರದಂತೆ ರಿಫಾಂಪಿಸಿನ್ನಿನ ಒಂದೇ ಡೋಸು ಕೊಡುತ್ತಾರೆ. ನೆರೆಯವರ ಪಟ್ಟಿ ಮಾಡುವ ಮೊದಲು ರೋಗಿಯ ಒಪ್ಪಿಗೆ ಕೇಳಬೇಕು. ಎಷ್ಟೋ ಜನ "ಮನಿಯೋರಿಗಷ್ಟ ಕೊಡ್ರಿ, ಓಣಿಗೆ ಗೊತ್ತಾಗೋದು ಬ್ಯಾಡ" ಎನ್ನುತ್ತಾರೆ. ಹಾಗೆಂದವರ ಪಟ್ಟಿಯಲ್ಲಿ ಮನೆಯವರ ಹೆಸರು ಮಾತ್ರ ಇರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಆಶಾ ಕಾರ್ಯಕರ್ತೆಯರು ಇದೇಕೆ ಎಂದು ಕೇಳಿದರೆ ನಾನು ಅವರಿಗೆ ಕಾರಿ ನೀಲ್ಸ್‌ಡಾಟರಳ ಕಥೆ ಹೇಳುತ್ತೇನೆ.